ಅಡಿಕೆ ದುಡ್ಡು, ವಿದೇಶಿ ಎಕ್ಸ್‌ಚೇಂಜ್, ಫ್ರೀಜ್ ಆದ ಖಾತೆ: ಹೊಸನಗರದ ಒಂದು ಪ್ರಕರಣ

2024ರ ಫೆಬ್ರುವರಿಯಲ್ಲಿ ಹೊಸನಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರರ ಬ್ಯಾಂಕ್ ಖಾತೆ ಫ್ರೀಜ್ ಆಯಿತು. ಅಪ್ಪ-ಮಗನ ಜಂಟಿ ಖಾತೆ. ಆ ದಿನ ಅದರಲ್ಲಿ 3,40,000 ರೂಪಾಯಿ ಇತ್ತು. ಬಹುಪಾಲು ಅಡಿಕೆ ಮಾರಿದ ದುಡ್ಡು. ಫ್ರೀಜ್ ಮಾಡಿಸಿದ್ದು ಬೇರೊಂದು ರಾಜ್ಯದ ಸೈಬರ್ ಪೊಲೀಸರು. ಮಗ ಒಂದು ವಿದೇಶಿ ಕ್ರಿಪ್ಟೊ ಎಕ್ಸ್‌ಚೇಂಜ್‌ನಲ್ಲಿ ಯುಎಸ್‌ಡಿಟಿ (ಅಮೆರಿಕದ ಡಾಲರ್‌ಗೆ ಸಮನಾಗಿ ಇಟ್ಟ ಕ್ರಿಪ್ಟೊ ಕಾಯಿನ್) ಮಾರಿದ್ದ. ಅದಕ್ಕೆ ಬಂದ ಹಣದಲ್ಲಿ 60,000 ರೂಪಾಯಿ ಯಾರೋ ಮೋಸ ಹೋದವರದ್ದು ಎಂದು ಪೊಲೀಸರ ಪತ್ರ ಹೇಳುತ್ತಿತ್ತು.

ನಾನು ಶಿವಮೊಗ್ಗದಲ್ಲಿ ತೆರಿಗೆ ರಿಟರ್ನ್ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಆ ಮನೆಯವರು ಬಂದಿದ್ದು ಖಾತೆ ಬಿಡಿಸುವ ದಾರಿ ಕೇಳಿಕೊಂಡು. ಕಾಗದಪತ್ರ ನೋಡುತ್ತಾ ಹೋದ ಹಾಗೆ ತೆರಿಗೆ, ಟಿಡಿಎಸ್ (ಹಣ ಕೊಡುವಾಗಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ), ವಿದೇಶಿ ಆಸ್ತಿ ಎಲ್ಲವೂ ಒಂದೊಂದಾಗಿ ಮೇಲೆ ಬಂದವು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಎಕ್ಸ್‌ಚೇಂಜ್ ಮತ್ತು ಬ್ಯಾಂಕಿನ ಹೆಸರು ಇಲ್ಲಿ ಬೇಕಾಗಿಲ್ಲ.

ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡುವ ಹುಡುಗರು ಈಗ ನಮ್ಮ ಕಡೆ ಬಹಳ ಜನ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ "ಎಕ್ಸ್‌ಚೇಂಜ್ ಹೊರದೇಶದ್ದು, ಇಲ್ಲಿನ ರೂಲ್ಸ್ ಅದಕ್ಕೆ ಬರಲ್ಲ" ಅಂತಲೇ ನಂಬಿದ್ದಾರೆ. ಈ ಹುಡುಗನೂ ಹಾಗೇ ನಂಬಿದ್ದ. ಆದದ್ದು ಬೇರೆ. ಇಲ್ಲಿನ ಎಕ್ಸ್‌ಚೇಂಜ್ ಮಾಡುತ್ತಿದ್ದ ಅಷ್ಟೂ ಕೆಲಸ ಅವನ ತಲೆಗೇ ಬಂತು: ತೆರಿಗೆ ಕಡಿದು ಕಟ್ಟುವುದು, ಎದುರಿನವರು ಯಾರು ಅಂತ ನೋಡುವುದು, ಲೆಕ್ಕ ಇಡುವುದು. ಅವನಿಗೆ ಅದರ ಅರಿವೇ ಇರಲಿಲ್ಲ.

ಹಣ ಹೋದ ದಾರಿ

ಹುಡುಗನಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಮೊದಲು ಅವನು ಭಾರತದ್ದೇ ಒಂದು ಎಕ್ಸ್‌ಚೇಂಜ್‌ನಲ್ಲಿ ಸಣ್ಣಪುಟ್ಟ ವ್ಯವಹಾರ ಮಾಡುತ್ತಿದ್ದ. 2022ರಲ್ಲಿ ಎರಡು ಬದಲಾವಣೆ ಬಂದವು. ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ 30% ತೆರಿಗೆ. ಜುಲೈ 1ರಿಂದ ಪ್ರತಿ ಮಾರಾಟದ ಮೊತ್ತದಲ್ಲಿ 1% ಟಿಡಿಎಸ್. ಲಾಭವೋ ನಷ್ಟವೋ, ಮಾರಿದ ಕೂಡಲೇ ನೂರಕ್ಕೆ ಒಂದು ರೂಪಾಯಿ ಕಡಿತ. ದಿನಕ್ಕೆ ನಾಲ್ಕೈದು ಸಲ ಕೊಂಡು ಮಾರುವವನಿಗೆ ಬಂಡವಾಳವೇ ಕರಗಿದ ಹಾಗೆ ಕಾಣುತ್ತದೆ. ರಿಟರ್ನ್ ಹಾಕಿದಾಗ ಆ ಹಣ ತೆರಿಗೆಗೆ ಜಮೆ ಆಗುತ್ತದೆ, ಹೆಚ್ಚಾಗಿದ್ದರೆ ವಾಪಸ್ಸೂ ಬರುತ್ತದೆ. ಆದರೆ ಅಲ್ಲಿಯವರೆಗೆ ಅದು ಸರ್ಕಾರದ ಬಳಿಯೇ. ವಿದೇಶಿ ಎಕ್ಸ್‌ಚೇಂಜ್‌ಗಳು ಆಗ ಇದನ್ನು ಕಡಿಯುತ್ತಿರಲಿಲ್ಲ. ಜನ ಆ ಕಡೆ ಹೋದರು. ಇವನೂ ಅಕ್ಟೋಬರ್ ಹೊತ್ತಿಗೆ ಹೋದ.

ಹಾಕಿದ್ದು ಒಟ್ಟು 6,00,000 ರೂಪಾಯಿ. ಎರಡು ಲಕ್ಷ ಅವನ ಸಂಬಳದ ಉಳಿತಾಯ. ನಾಲ್ಕು ಲಕ್ಷ ಅಪ್ಪಯ್ಯ ಕೊಟ್ಟಿದ್ದು. ಮ್ಯಾಮ್‌ಕೋಸ್‌ಗೆ (ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘ) ಹಾಕಿದ ರಾಶಿ ಅಡಿಕೆಯ ಹಣ. ಆ ನಾಲ್ಕು ಲಕ್ಷದ ಹಿಂದೆ ಕೊಳೆ ರೋಗಕ್ಕೆ ಔಷಧಿ ಹೊಡೆಸಿದ್ದು, ಕೊನೆ (ಅಡಿಕೆ ಗೊನೆ) ತೆಗೆಸಿದ್ದು, ಸುಲಿಸಿ ಬೇಯಿಸಿ ಒಣಗಿಸಿದ್ದು ಎಲ್ಲ ಇದೆ. ಎಲೆಚುಕ್ಕಿ ರೋಗ ತೋಟದ ಮೇಲೆ ಏರಿ ಬರುತ್ತಿದ್ದ ಕಾಲ ಅದು. ತೋಟ ನಂಬಿ ಕೂರಲಾಗದು, ಮಗ ಬೇರೆ ಏನೋ ಮಾಡುತ್ತೇನೆ ಅನ್ನುತ್ತಿದ್ದಾನೆ ಅಂತ ಅಪ್ಪ ಕೊಟ್ಟಿದ್ದರು. ಅವರನ್ನು ನಾನು ತಪ್ಪು ಅನ್ನಲಾರೆ.

ರೂಪಾಯಿಯನ್ನು ನೇರವಾಗಿ ವಿದೇಶಿ ಎಕ್ಸ್‌ಚೇಂಜ್‌ಗೆ ಕಳಿಸುವ ದಾರಿ ಅವನಿಗೆ ಇರಲಿಲ್ಲ. ಹಾಗಾಗಿ ಪಿ2ಪಿ, ಅಂದರೆ ಒಬ್ಬರಿಂದ ಇನ್ನೊಬ್ಬರು ನೇರವಾಗಿ ಕೊಂಡು ಮಾರುವ ದಾರಿ ಹಿಡಿದ. ಎಕ್ಸ್‌ಚೇಂಜ್‌ನ ಆ್ಯಪ್‌ನಲ್ಲಿ ಯಾರೋ ಒಬ್ಬ ಯುಎಸ್‌ಡಿಟಿ ಮಾರಾಟಕ್ಕೆ ಇಟ್ಟಿರುತ್ತಾನೆ. ಇವನು ಆರ್ಡರ್ ಹಾಕುತ್ತಾನೆ. ಆ ಯುಎಸ್‌ಡಿಟಿಯನ್ನು ಎಕ್ಸ್‌ಚೇಂಜ್ ತಡೆಹಿಡಿದು ಇಟ್ಟುಕೊಳ್ಳುತ್ತದೆ. ಇವನು ತನ್ನ ಬ್ಯಾಂಕಿನಿಂದ ಮಾರುವವನ ಖಾತೆಗೆ ಯುಪಿಐ ಮಾಡುತ್ತಾನೆ. ಹಣ ಬಂತು ಅಂತ ಅವನು ಒತ್ತಿದ ಮೇಲೆ ಯುಎಸ್‌ಡಿಟಿ ಬಿಡುಗಡೆ. ರೂಪಾಯಿ ಭಾರತದಿಂದ ಹೊರಗೆ ಹೋಗುವುದೇ ಇಲ್ಲ. ಒಬ್ಬ ಭಾರತೀಯನ ಖಾತೆಯಿಂದ ಇನ್ನೊಬ್ಬ ಭಾರತೀಯನ ಖಾತೆಗೆ ಹೋಗುತ್ತದೆ, ಅಷ್ಟೇ. ದರ ಮಾತ್ರ ಬ್ಯಾಂಕಿನ ಡಾಲರ್ ದರಕ್ಕಿಂತ ಆರೇಳು ರೂಪಾಯಿ ಜಾಸ್ತಿ ಬಿದ್ದಿತ್ತು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಮುಂದೆ ಆದ ತೊಂದರೆಯೆಲ್ಲ ಈ ಪಿ2ಪಿ ಬಾಗಿಲಿನಿಂದಲೇ ಒಳಗೆ ಬಂತು.

2024ರ ಜನವರಿ

2018ರಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿ, ಕ್ರಿಪ್ಟೊ ವ್ಯವಹಾರದವರಿಗೆ ಬ್ಯಾಂಕುಗಳು ಸೇವೆ ಕೊಡಬಾರದು ಎಂದಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಲ್ಲಿಗೆ ದಾರಿ ಮತ್ತೆ ತೆರೆಯಿತು. ಆದರೆ ಎಕ್ಸ್‌ಚೇಂಜ್‌ಗಳಿಗೆ ಪ್ರತ್ಯೇಕ ಲೈಸೆನ್ಸ್ ಕೊಡುವ ಕಾನೂನು ಬರಲಿಲ್ಲ. ಬಂದಿದ್ದು 2023ರ ಮಾರ್ಚ್ 7ರ ಅಧಿಸೂಚನೆ. ಅದರ ಪ್ರಕಾರ ಕ್ರಿಪ್ಟೊ ಸೇವೆ ಕೊಡುವವರೆಲ್ಲ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬಂದರು. ಕೇಂದ್ರ ಹಣಕಾಸು ಸಚಿವಾಲಯದ ಎಫ್‌ಐಯು-ಇಂಡಿಯಾದಲ್ಲಿ (ಹಣಕಾಸು ಗುಪ್ತಚರ ಘಟಕ) ನೋಂದಣಿ ಆಗಬೇಕು, ಗ್ರಾಹಕರ ಕೆವೈಸಿ ಇಡಬೇಕು, ಅನುಮಾನದ ವ್ಯವಹಾರ ಕಂಡರೆ ವರದಿ ಮಾಡಬೇಕು. ಕಚೇರಿ ಎಲ್ಲಿದೆ ಅನ್ನುವುದು ಮುಖ್ಯವಲ್ಲ. ಭಾರತದ ಗ್ರಾಹಕರಿಗೆ ಸೇವೆ ಕೊಟ್ಟರೆ ಸಾಕು, ನಿಯಮ ಅನ್ವಯಿಸುತ್ತದೆ.

2023ರ ಡಿಸೆಂಬರ್ 28ರಂದು ಎಫ್‌ಐಯು ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ನೋಟಿಸ್ ಕೊಟ್ಟಿತು. ಬೈನಾನ್ಸ್, ಕುಕಾಯಿನ್, ಹುವೋಬಿ, ಕ್ರಾಕೆನ್, ಗೇಟ್ ಡಾಟ್ ಐಒ, ಬಿಟ್ರೆಕ್ಸ್, ಬಿಟ್‌ಸ್ಟ್ಯಾಂಪ್, ಎಂಇಎಕ್ಸ್‌ಸಿ, ಬಿಟ್‌ಫಿನೆಕ್ಸ್. ಇವುಗಳ ವೆಬ್ ವಿಳಾಸ ಬಂದ್ ಮಾಡಿ ಅಂತ ಐಟಿ ಸಚಿವಾಲಯಕ್ಕೂ ಬರೆಯಿತು. ಜನವರಿಯ ಎರಡನೇ ವಾರದಲ್ಲಿ ಆ್ಯಪಲ್, ಗೂಗಲ್ ಎರಡೂ ಸ್ಟೋರ್‌ಗಳಿಂದ ಆ್ಯಪ್‌ಗಳು ಹೋದವು.

ಹುಡುಗ ಮೊದಲು ನೆಟ್‌ವರ್ಕ್ ಸಮಸ್ಯೆ ಅಂದುಕೊಂಡ. ಕರೆಂಟ್ ಹೋದರೆ ಟವರ್ ಕೂಡ ಹೋಗುವ ಊರು ಅದು. ಫೋನಿನಲ್ಲಿ ಮೊದಲೇ ಇದ್ದ ಆ್ಯಪ್ ಒಂದು ಸಿಮ್‌ನಲ್ಲಿ ತೆರೆಯುತ್ತಿತ್ತು, ಇನ್ನೊಂದರಲ್ಲಿ ಇಲ್ಲ. ಸುದ್ದಿ ಗೊತ್ತಾದ ಮೇಲೆ ಗಾಬರಿ ಆಯಿತು. ಆಗ ಅವನ ಬಳಿ ಇದ್ದದ್ದು ಸುಮಾರು ಏಳೂವರೆ ಲಕ್ಷ ರೂಪಾಯಿ ಬೆಲೆಯ ಯುಎಸ್‌ಡಿಟಿ. ಹೇಗಾದರೂ ರೂಪಾಯಿ ಮಾಡಿಕೊಂಡುಬಿಡಬೇಕು ಅಂತ ಪಿ2ಪಿಯಲ್ಲಿ ಮಾರಲು ಕೂತ. ಎಲ್ಲರೂ ಅದನ್ನೇ ಮಾಡುತ್ತಿದ್ದ ದಿನಗಳು ಅವು. ಒಬ್ಬ ಕೊಳ್ಳುವವನು ಒಳ್ಳೆಯ ದರ ಕೊಡುತ್ತೇನೆ ಅಂದ. 1,80,000 ರೂಪಾಯಿಗೆ ಮಾತಾಯಿತು. ಹಣ ಮೂರು ಕಂತಿನಲ್ಲಿ ಬಂತು, ತಲಾ 60,000.

ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿ ಎಕ್ಸ್‌ಚೇಂಜ್‌ನ ಆರ್ಡರ್ ಇಟ್ಟು ನೋಡಿದಾಗ ನಮಗೆ ಕಂಡಿದ್ದು ಇದು. ಆರ್ಡರ್‌ನಲ್ಲಿ ಕೊಳ್ಳುವವನ ಹೆಸರು ಒಂದು. ಮೊದಲ ಎರಡು ಕಂತು ಅದೇ ಹೆಸರಿನ ಖಾತೆಯಿಂದ ಬಂದಿದ್ದವು. ಮೂರನೆಯದು ಬೇರೆಯೇ ಹೆಸರಿನಿಂದ. ಚಾಟ್‌ನಲ್ಲಿ ಕೊಳ್ಳುವವನು "ಅಣ್ಣನ ಅಕೌಂಟಿಂದ ಹಾಕ್ತಿದೀನಿ, ಲಿಮಿಟ್ ಮುಗಿದಿದೆ" ಎಂದಿದ್ದ. ಹುಡುಗ ಸರಿ ಅಂತ ಬಿಡುಗಡೆ ಒತ್ತಿದ್ದ. ಆ ಮೂರನೇ ಕಂತೇ ಕದ್ದ ಹಣ.

ಇದು ಹೇಗೆ ನಡೆಯುತ್ತದೆ ಅಂದರೆ, ಎಲ್ಲೋ ಒಬ್ಬರಿಗೆ ಮೋಸ ಆಗುತ್ತದೆ. ಅವರು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡುತ್ತಾರೆ, ಇಲ್ಲವೇ ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ದೂರು ಕೊಡುತ್ತಾರೆ. ಹಣ ಯಾವ ಖಾತೆಯಿಂದ ಯಾವ ಖಾತೆಗೆ ಹೋಯಿತು ಅಂತ ಪೊಲೀಸರು, ಬ್ಯಾಂಕುಗಳು ಹಿಂದೆ ಬೀಳುತ್ತಾರೆ. ದಾರಿಯಲ್ಲಿ ಸಿಕ್ಕ ಖಾತೆಗಳನ್ನೆಲ್ಲ ತಡೆಯುತ್ತಾರೆ. ಕಳ್ಳ ಅಷ್ಟರಲ್ಲಿ ಆ ಹಣ ಕೊಟ್ಟು ಯುಎಸ್‌ಡಿಟಿ ಪಡೆದು ಜಾಗ ಖಾಲಿ ಮಾಡಿರುತ್ತಾನೆ. ಸರಪಳಿಯ ತುದಿಯಲ್ಲಿ ಸಿಗುವುದು ಯುಎಸ್‌ಡಿಟಿ ಮಾರಿದ ಇಂಥ ಹುಡುಗ.

ಖಾತೆ ಬಿಡಿಸಿದ್ದು

ಫೆಬ್ರುವರಿ ಅಂದರೆ ಅಡಿಕೆಯವರಿಗೆ ಕೈಯಲ್ಲಿ ದುಡ್ಡು ಓಡಾಡಲೇಬೇಕಾದ ತಿಂಗಳು. ಕೊನೆ ತೆಗೆದವರಿಗೆ, ಸುಲಿದವರಿಗೆ ಕೂಲಿ ಕೊಡಬೇಕು. "ಕೂಲಿಯವರಿಗೆ ಎಂತ ಹೇಳೂದು ಮಾರಾಯ್ರೆ? ನನ್ನ ದುಡ್ಡು ನಂಗೇ ಕೊಡುದಿಲ್ಲ ಅಂತಾರೆ ಬ್ಯಾಂಕಿನವರು" ಎಂದರು ಅಪ್ಪ. ಯುಎಸ್‌ಡಿಟಿ ಅಂದರೆ ಏನು ಅಂತ ಅವರಿಗೆ ಆ ದಿನದವರೆಗೂ ಗೊತ್ತಿರಲಿಲ್ಲ. ಮಗ ತಲೆ ತಗ್ಗಿಸಿ ಕೂತಿದ್ದ.

ಬ್ಯಾಂಕಿನಿಂದ ಮೊದಲು ಪಡೆಯಬೇಕಾದದ್ದು ಮೂರು ವಿವರ. ಯಾವ ಠಾಣೆಯಿಂದ ಪತ್ರ ಬಂದಿದೆ, ದೂರಿನ ಸ್ವೀಕೃತಿ ಸಂಖ್ಯೆ ಏನು, ವಿವಾದದ ಮೊತ್ತ ಎಷ್ಟು. ಶಾಖೆಯಲ್ಲಿ "ಮೇಲಿನಿಂದ ಬಂದಿದೆ, ನಮಗೆ ಗೊತ್ತಿಲ್ಲ" ಎಂದರು. ಲಿಖಿತವಾಗಿ ಅರ್ಜಿ ಕೊಟ್ಟ ಮೇಲೆ ವಿವರ ಸಿಕ್ಕಿತು. ಬಾಯಿಮಾತಿನಲ್ಲಿ ಕೇಳಿ ವಾರಗಟ್ಟಲೆ ಅಲೆಯುವವರನ್ನು ಬಹಳ ನೋಡಿದ್ದೇನೆ. ಅರ್ಜಿ ಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ.

ಸೈಬರ್ ಅಪರಾಧ ನೋಡಿಕೊಳ್ಳುವ ಶಿವಮೊಗ್ಗದ ಸಿಇಎನ್ ಠಾಣೆಗೂ ಹೋದೆವು. ಬೇರೆ ರಾಜ್ಯದ ಪೊಲೀಸರು ಹಾಕಿದ ತಡೆಯನ್ನು ಅವರು ತೆಗೆಯಲು ಬರುವುದಿಲ್ಲ. ಆದರೆ ಯಾರಿಗೆ ಬರೆಯಬೇಕು, ಹೇಗೆ ಬರೆಯಬೇಕು ಅಂತ ತಾಳ್ಮೆಯಿಂದ ತಿಳಿಸಿದರು.

ಆಮೇಲೆ ತನಿಖಾಧಿಕಾರಿಗೆ ಇ-ಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್. ಜೊತೆಗೆ ಇಟ್ಟ ದಾಖಲೆಗಳು ಹೀಗಿದ್ದವು: ಪಿ2ಪಿ ಆರ್ಡರ್ ಸಂಖ್ಯೆ, ಆ ಚಾಟ್‌ನ ಪೂರ್ತಿ ಸ್ಕ್ರೀನ್‌ಶಾಟ್, ಮೂರೂ ಕಂತಿನ ಯುಟಿಆರ್ (ಬ್ಯಾಂಕ್ ವರ್ಗಾವಣೆಯ ಗುರುತು) ಸಂಖ್ಯೆ, ಯುಎಸ್‌ಡಿಟಿ ಬಿಡುಗಡೆಯಾದ ಸಮಯ, ಹುಡುಗನ ಆಧಾರ್, ಪ್ಯಾನ್. ಖಾತೆಯ ಉಳಿದ ಹಣ ಎಲ್ಲಿಂದ ಬಂತು ಅನ್ನುವುದಕ್ಕೆ ಅಡಿಕೆ ಮಾರಿದ ಬಿಲ್ಲುಗಳು ಮತ್ತು ತೋಟದ ಪಹಣಿ. ಈ ಕೊನೆಯ ಎರಡು ಕಾಗದ ಎಷ್ಟು ಕೆಲಸಕ್ಕೆ ಬಂದವು ಅಂದರೆ, ತನಿಖಾಧಿಕಾರಿ ಫೋನ್ ಮಾಡಿದಾಗ ಮೊದಲು ಕೇಳಿದ್ದೇ ಅಡಿಕೆಯ ಬಗ್ಗೆ. ತನಗೆ ಕದ್ದ ಹಣ ಅಂತ ಗೊತ್ತಿರಲಿಲ್ಲ ಅನ್ನುವುದನ್ನು ಹುಡುಗ ಸುತ್ತಿ ಬಳಸದೆ ಬರೆದ. ಚಾಟ್‌ನ ಒಂದು ಸಾಲನ್ನೂ ತೆಗೆಯಬೇಡ ಅಂತ ನಾನು ಹೇಳಿದ್ದೆ. ಅಣ್ಣನ ಅಕೌಂಟ್ ಅನ್ನುವ ಸಾಲು ಇವನ ಅಜಾಗರೂಕತೆಯನ್ನು ತೋರಿಸುತ್ತದೆ ನಿಜ. ಆದರೆ ಅವನ ಪ್ರಾಮಾಣಿಕತೆಗೂ ಅದೇ ಸಾಕ್ಷಿ.

ಕಾನೂನಿನ ಕಡೆಯಿಂದ ನಾವು ಹಿಡಿದ ವಾದ ಒಂದೇ. ವಿವಾದ ಇರುವುದು 60,000 ರೂಪಾಯಿಗೆ, ತಡೆದಿರುವುದು 3,40,000. ಕೇರಳ ಹೈಕೋರ್ಟ್ 2023ರಲ್ಲಿ ಇಂಥದ್ದೇ ಯುಪಿಐ ಪ್ರಕರಣಗಳಲ್ಲಿ, ಪೊಲೀಸರು ಹೇಳಿದ ಮೊತ್ತಕ್ಕೆ ಮಾತ್ರ ತಡೆ ಇರಲಿ ಎಂದಿತ್ತು. ಬೇರೆ ರಾಜ್ಯದ ಹೈಕೋರ್ಟ್ ತೀರ್ಪು ಎಲ್ಲರನ್ನೂ ಕಟ್ಟಿಹಾಕುವುದಿಲ್ಲ. ಆದರೂ ಪತ್ರದಲ್ಲಿ ಅದನ್ನು ಹೇಳಿದೆವು. ಆಗ ತಡೆ ಹಾಕುತ್ತಿದ್ದದ್ದು ದಂಡ ಪ್ರಕ್ರಿಯಾ ಸಂಹಿತೆಯ ಕಲಂ 102ರಲ್ಲಿ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಹೊಸ ಸಂಹಿತೆಯ ಕಲಂ 106 ಬಂದಿದೆ.

ಏಪ್ರಿಲ್‌ನಲ್ಲಿ ಪೊಲೀಸರ ಉತ್ತರ ಬ್ಯಾಂಕಿಗೆ ಬಂತು. 60,000 ಬಿಟ್ಟು ಉಳಿದ ಹಣ ಬಿಡುಗಡೆ ಆಯಿತು. ಅಷ್ಟರಲ್ಲಿ ಕೂಲಿಯವರಿಗೆ ಕೈಸಾಲ ಮಾಡಿ ಕೊಟ್ಟಾಗಿತ್ತು.

ಆ 60,000 ಇವರಿಗೆ ಮರಳಿ ಬರಲಿಲ್ಲ. ಮೋಸ ಹೋದವರಿಗೆ ಅದನ್ನು ಕೊಡಿಸಲು ಅಲ್ಲಿನ ಕೋರ್ಟ್ ಆದೇಶ ಮಾಡಿತು. ಹುಡುಗನಿಗೆ ಯುಎಸ್‌ಡಿಟಿಯೂ ಹೋಯಿತು, ಹಣವೂ ಹೋಯಿತು. ಅವನು ಬಹಳ ಬೇಜಾರು ಮಾಡಿಕೊಂಡ. ನಾನು ಅವನಿಗೆ ಹೇಳಿದ್ದು ಇಷ್ಟೇ: ಅದು ಮೊದಲಿನಿಂದಲೂ ಅವರದ್ದೇ ದುಡ್ಡು. ಅವರಿಗೆ ಸಿಕ್ಕಿದ್ದು ನ್ಯಾಯ.

ತೆರಿಗೆಯ ಲೆಕ್ಕ

ಖಾತೆಯ ವಿಷಯ ನಡೆಯುತ್ತಿರುವಾಗಲೇ ನಾನು ಅವನ ಹಳೆಯ ರಿಟರ್ನ್ ತೆಗೆದು ನೋಡಿದೆ. 2022-23ನೇ ಸಾಲಿಗೆ ಐಟಿಆರ್-1 ಹಾಕಿದ್ದ. ಸಂಬಳ ಮಾತ್ರ ತೋರಿಸಿದ್ದ. ಕ್ರಿಪ್ಟೊ ಆದಾಯ ಇದ್ದರೆ ಐಟಿಆರ್-1 ನಡೆಯುವುದೇ ಇಲ್ಲ. ಐಟಿಆರ್-2 ಇಲ್ಲವೇ 3 ಬೇಕು, ಅದರಲ್ಲಿ ವಿಡಿಎ, ಅಂದರೆ ವರ್ಚುವಲ್ ಡಿಜಿಟಲ್ ಆಸ್ತಿ ಅನ್ನುವ ಬೇರೆ ಪಟ್ಟಿಯೇ ಇದೆ.

"ರೂಪಾಯಿ ಮಾಡಿಕೊಂಡೇ ಇರಲಿಲ್ಲವಲ್ಲ ಸರ್, ಯುಎಸ್‌ಡಿಟಿಯಲ್ಲೇ ಇತ್ತು" ಎಂದ. ಈ ತಪ್ಪು ತಿಳಿವಳಿಕೆ ಬಹಳ ಜನರಿಗೆ ಇದೆ. ಒಂದು ಕಾಯಿನ್ ಕೊಟ್ಟು ಇನ್ನೊಂದು ಪಡೆದರೂ ಅದು ವರ್ಗಾವಣೆಯೇ. ತೆರಿಗೆ ಆ ಕ್ಷಣಕ್ಕೇ ಬೀಳುತ್ತದೆ. ಬ್ಯಾಂಕಿಗೆ ಬರುವವರೆಗೆ ಕಾಯುವುದಿಲ್ಲ.

ಎಕ್ಸ್‌ಚೇಂಜ್‌ನಿಂದ ಇ-ಮೇಲ್‌ನಲ್ಲಿ ವ್ಯವಹಾರದ ಫೈಲ್ ತರಿಸಿದೆವು. ಅದರಲ್ಲಿ ಸಮಯ ಎಲ್ಲ ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಪ್ರಮಾಣಿತ ಸಮಯದಲ್ಲಿ ಇರುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಫೈಲ್‌ನಲ್ಲಿ ಮಾರ್ಚ್ 31ರ ರಾತ್ರಿ 8.10 ಎಂದಿದ್ದ ಒಂದು ಮಾರಾಟ ಇಲ್ಲಿ ಏಪ್ರಿಲ್ 1ರ ಬೆಳಗಿನ ಜಾವ 1.40ಕ್ಕೆ ಆಗಿತ್ತು. ಅಂದರೆ ಮುಂದಿನ ಹಣಕಾಸು ವರ್ಷ. ಸಣ್ಣ ಮೊತ್ತ ಅದು, ಆದರೆ ಇಂಥ ಕಡೆ ಲೆಕ್ಕ ತಪ್ಪಿದರೆ ಇಲಾಖೆಯ ಮುಂದೆ ಇಡೀ ಕಾಗದದ ಮೇಲೇ ನಂಬಿಕೆ ಹೋಗುತ್ತದೆ.

ಚಿಲ್ಲರೆ ವ್ಯವಹಾರ ಬಿಟ್ಟರೆ 2022-23ರಲ್ಲಿ ದೊಡ್ಡವು ಎರಡು. ಮೊದಲ ಕಾಯಿನ್ ಕೊಂಡಿದ್ದು 2,50,000ಕ್ಕೆ, ಮಾರಿದ್ದು 6,10,000ಕ್ಕೆ. ಲಾಭ 3,60,000. ಎರಡನೆಯದು ಕೊಂಡಿದ್ದು 3,00,000ಕ್ಕೆ, ಮಾರಿದ್ದು 90,000ಕ್ಕೆ. ನಷ್ಟ 2,10,000. ಅವನ ಲೆಕ್ಕದಲ್ಲಿ ಒಟ್ಟು ಲಾಭ 1,50,000, ತೆರಿಗೆ 45,000. ಅಷ್ಟು ಕಟ್ಟಲು ಅವನು ತಯಾರಿದ್ದ.

ಕಾನೂನಿನ ಲೆಕ್ಕ ಹಾಗಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 115ಬಿಬಿಎಚ್ ಪ್ರಕಾರ ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚೂ ಕಳೆಯುವ ಹಾಗಿಲ್ಲ. ಹಾಗಾಗಿ ತೆರಿಗೆ 3,60,000ಕ್ಕೆ. 30% ಅಂದರೆ 1,08,000. ಮೇಲೆ 4% ಸೆಸ್ 4,320. ಒಟ್ಟು 1,12,320 ರೂಪಾಯಿ.

ಇಷ್ಟಕ್ಕೇ ನಿಲ್ಲಲಿಲ್ಲ. ರಿಟರ್ನ್ ತಿದ್ದುವ ಸಾಮಾನ್ಯ ಗಡುವು 2023ರ ಡಿಸೆಂಬರ್ 31ಕ್ಕೇ ಮುಗಿದಿತ್ತು. ಉಳಿದಿದ್ದು ಅಪ್‌ಡೇಟೆಡ್ ರಿಟರ್ನ್, ಅಂದರೆ ಐಟಿಆರ್-ಯು. ಮೊದಲ ಹನ್ನೆರಡು ತಿಂಗಳ ಅವಧಿಯಲ್ಲಿ ಹಾಕಿದರೆ ತೆರಿಗೆ ಮತ್ತು ಬಡ್ಡಿಯ ಮೇಲೆ 25% ಹೆಚ್ಚುವರಿ. ತೆರಿಗೆಯ ಮೇಲಷ್ಟೇ ಹಿಡಿದರೂ ಅದು 28,080. ಎರಡೂ ಸೇರಿ 1,40,400. ಬಡ್ಡಿ ಸೇರಿಸಿದ ಮೇಲೆ ಒಂದೂವರೆ ಲಕ್ಷ ದಾಟಿತು. ಅವನು ನಿಜವಾಗಿ ಗಳಿಸಿದ್ದೇ ಒಂದೂವರೆ ಲಕ್ಷ.

ನಷ್ಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಈ ನಿಯಮ ಅನ್ಯಾಯ ಅಂತಲೇ ನನಗೆ ಅನಿಸುತ್ತದೆ. ಶೇರಿನಲ್ಲಿ ನಷ್ಟವಾದರೆ ಕಳೆಯಬಹುದು, ಇಲ್ಲಿ ಯಾಕಿಲ್ಲ? ಆದರೆ ನಿಯಮ ಇರುವಷ್ಟು ದಿನ ಅದರ ಪ್ರಕಾರವೇ ಕಟ್ಟಬೇಕು. ಹುಡುಗ ಕಟ್ಟಿದ. 2025ರಲ್ಲಿ ಐಟಿಆರ್-ಯು ಅವಧಿಯನ್ನು 48 ತಿಂಗಳಿಗೆ ಏರಿಸಿದ್ದಾರೆ. ತಡ ಮಾಡಿದಷ್ಟೂ ಹೆಚ್ಚುವರಿ 25ರಿಂದ 50, 60, ಕೊನೆಗೆ 70%ಗೆ ಏರುತ್ತದೆ. ಅದೇ ವರ್ಷ ಫೆಬ್ರುವರಿ 1ರಿಂದ, ತೆರಿಗೆ ಇಲಾಖೆಯ ಶೋಧದಲ್ಲಿ ಸಿಕ್ಕ ಬಚ್ಚಿಟ್ಟ ಕ್ರಿಪ್ಟೊವನ್ನೂ ಅಘೋಷಿತ ಆದಾಯವೆಂದು ಹಿಡಿದು 60% ತೆರಿಗೆ ಹಾಕಲು ಅವಕಾಶ ಮಾಡಿದ್ದಾರೆ.

ಅಪ್ಪನ ದುಡ್ಡಿನ ಬಗ್ಗೆ ಒಂದು ಮಾತು. ಅಡಿಕೆ ಆದಾಯ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಅಪ್ಪ ಮಗನಿಗೆ ಕೊಟ್ಟರೆ ಅದಕ್ಕೂ ತೆರಿಗೆ ಇಲ್ಲ. ಹಾಗಂತ ಆ ದುಡ್ಡಿನಿಂದ ಕೊಂಡ ಕಾಯಿನ್‌ನ ಲಾಭ ಕೃಷಿ ಆದಾಯ ಆಗುವುದಿಲ್ಲ. "ಅಡಿಕೆ ದುಡ್ಡಲ್ವಾ, ಟ್ಯಾಕ್ಸ್ ಯಾಕೆ?" ಅಂತ ನನ್ನ ಬಳಿ ಕೇಳುವವರು ಇವರೊಬ್ಬರೇ ಅಲ್ಲ.

ವಿದೇಶಿ ಆಸ್ತಿಯ ಪಟ್ಟಿ, ಅಂದರೆ ಶೆಡ್ಯೂಲ್ ಎಫ್‌ಎ, ಇನ್ನೊಂದು ತಲೆಬಿಸಿ. ಹೊರದೇಶದ ಎಕ್ಸ್‌ಚೇಂಜ್‌ನಲ್ಲಿ ಇಟ್ಟ ಕ್ರಿಪ್ಟೊವನ್ನು ಅಲ್ಲಿ ತೋರಿಸಬೇಕೋ ಬೇಡವೋ ಅಂತ ನಮ್ಮ ವೃತ್ತಿಯವರಲ್ಲೇ ಚರ್ಚೆ ಇದೆ. ತೋರಿಸುವುದೇ ಸರಿ ಅನ್ನುವುದು ನನ್ನ ನಿಲುವು. ತೋರಿಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಬಿಟ್ಟರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ದಾರಿ ಇದೆ. 2024ರ ಅಕ್ಟೋಬರ್‌ನಿಂದ, ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷದವರೆಗಿನ ವಿದೇಶಿ ಆಸ್ತಿಗೆ ಆ ದಂಡದಿಂದ ವಿನಾಯಿತಿ ಬಂದಿದೆ. ಆದರೂ ನಾವು ತೋರಿಸಿದೆವು.

ಉಳಿದ ಯುಎಸ್‌ಡಿಟಿ, ಮತ್ತು "ಲೈಸೆನ್ಸ್ ಸಿಕ್ಕಿತಲ್ಲ"

ಇನ್ನೂ 5,70,000 ರೂಪಾಯಿ ಬೆಲೆಯ ಯುಎಸ್‌ಡಿಟಿ ಅಲ್ಲೇ ಇತ್ತು. ಇನ್ನೊಮ್ಮೆ ಪಿ2ಪಿ ಮಾಡುವುದು ಬೇಡವೇ ಬೇಡ ಎಂದೆ. ಎಫ್‌ಐಯುನಲ್ಲಿ ನೋಂದಾಯಿಸಿದ ಭಾರತದ ಎಕ್ಸ್‌ಚೇಂಜ್‌ಗೆ ವರ್ಗಾಯಿಸಿ ಅಲ್ಲಿ ಮಾರುವುದು ಅಂತ ಆಯಿತು. ಅಲ್ಲಿ 1% ಕಡಿತ ಆಗುತ್ತದೆ, ಆದರೆ ಹಣ ಬರುವುದು ಎಕ್ಸ್‌ಚೇಂಜ್‌ನ ಖಾತೆಯಿಂದ. ಗುರುತಿಲ್ಲದವನ ಯುಪಿಐಯಿಂದ ಅಲ್ಲ.

ವರ್ಗಾಯಿಸುವಾಗ ನೆಟ್‌ವರ್ಕ್, ಅಂದರೆ ಕಾಯಿನ್ ಸಾಗುವ ಬ್ಲಾಕ್‌ಚೈನ್ ಯಾವುದು ಅಂತ ನೋಡಬೇಕು. ಯುಎಸ್‌ಡಿಟಿ ಟ್ರಾನ್ ಮೇಲೂ ಇದೆ, ಇಥೀರಿಯಂ ಮೇಲೂ ಇದೆ. ಟ್ರಾನ್ ವಿಳಾಸ ಇಂಗ್ಲಿಷಿನ ಟಿ ಅಕ್ಷರದಿಂದ ಶುರುವಾಗುತ್ತದೆ, ಇಥೀರಿಯಂನದ್ದು ಸೊನ್ನೆ ಮತ್ತು ಎಕ್ಸ್‌ನಿಂದ. ಕಳಿಸುವ ಕಡೆ, ಪಡೆಯುವ ಕಡೆ ಎರಡರಲ್ಲೂ ಒಂದೇ ಆಯ್ಕೆ ಇರಬೇಕು. ತಪ್ಪಿದರೆ ಹಣ ಹೋದ ಹಾಗೇ. ಮೊದಲು ಸಣ್ಣ ಮೊತ್ತ ಕಳಿಸಿ, ಅದು ಮುಟ್ಟಿದ್ದು ನೋಡಿ, ಆಮೇಲೆ ಉಳಿದದ್ದು ಕಳಿಸಿದ. ಮೂಲ ಏನು ಅಂತ ಭಾರತದ ಎಕ್ಸ್‌ಚೇಂಜ್‌ನವರು ಕೇಳಿದರು. ನಮ್ಮ ಫೈಲ್ ತಯಾರಿತ್ತು, ಕೊಟ್ಟೆವು. 2023-24ರ ರಿಟರ್ನ್ ಸಮಯಕ್ಕೆ ಸರಿಯಾಗಿ ಐಟಿಆರ್-2ರಲ್ಲಿ ಹೋಯಿತು.

ಅಷ್ಟರಲ್ಲಿ ನಿಷೇಧಕ್ಕೆ ಸಿಕ್ಕಿದ್ದ ಕೆಲವು ಎಕ್ಸ್‌ಚೇಂಜ್‌ಗಳು ವಾಪಸ್ ಬರತೊಡಗಿದವು. ಕುಕಾಯಿನ್ 34.5 ಲಕ್ಷ ರೂಪಾಯಿ ದಂಡ ಕಟ್ಟಿ ನೋಂದಣಿ ಮಾಡಿಕೊಂಡಿತು. ಬೈನಾನ್ಸ್‌ಗೆ 2024ರ ಜೂನ್‌ನಲ್ಲಿ 18.82 ಕೋಟಿ ದಂಡ ಬಿತ್ತು, ಆಗಸ್ಟ್‌ನಲ್ಲಿ ಅದೂ ನೋಂದಣಿ ಆಯಿತೆಂದು ಪ್ರಕಟಿಸಿತು. ಪಟ್ಟಿಯಲ್ಲಿ ಇಲ್ಲದ ಬೈಬಿಟ್‌ಗೆ 2025ರ ಜನವರಿ ಕೊನೆಗೆ 9.27 ಕೋಟಿ ದಂಡ. 2025ರ ಅಕ್ಟೋಬರ್‌ನಲ್ಲಿ ಎಫ್‌ಐಯು ಇನ್ನೂ 25 ವಿದೇಶಿ ಸಂಸ್ಥೆಗಳಿಗೆ ನೋಟಿಸ್ ಕೊಟ್ಟಿತು.

"ಈಗ ಲೈಸೆನ್ಸ್ ಸಿಕ್ಕಿತಲ್ಲ ಸರ್, ಇನ್ನು ಸೇಫ್ ಅಲ್ವಾ?" ಎಂದು ಹುಡುಗ ಕೇಳಿದ. ಇಲ್ಲಿ ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಎಫ್‌ಐಯು ನೋಂದಣಿ ಅಂದರೆ ಆ ಸಂಸ್ಥೆ ಕೆವೈಸಿ ಇಡುತ್ತದೆ, ಅನುಮಾನದ ವ್ಯವಹಾರ ವರದಿ ಮಾಡುತ್ತದೆ. ಅಷ್ಟೇ. ಗ್ರಾಹಕರ ಹಣ ಬೇರೆ ಇಟ್ಟಿದೆಯೇ, ಎಷ್ಟು ಭದ್ರ, ಮುಳುಗಿದರೆ ಯಾರು ಕೊಡುತ್ತಾರೆ ಎಂಬುದಕ್ಕೆ ಅದು ಉತ್ತರ ಅಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಕ್ರಿಪ್ಟೊಗೆ ಅದು ಇಲ್ಲ. 2024ರ ಜುಲೈ 18ರಂದು ನಮ್ಮ ದೇಶದ್ದೇ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೊ ಕಳವಾಯಿತು, ಗ್ರಾಹಕರು ತಿಂಗಳುಗಟ್ಟಲೆ ಹಣ ತೆಗೆಯಲಾಗದೆ ಕೂತರು. ಆ ಗ್ರಾಹಕರಲ್ಲಿ ಒಬ್ಬರ ಅರ್ಜಿಯ ಮೇಲೆಯೇ ಮದ್ರಾಸ್ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಕ್ರಿಪ್ಟೊ ಕೂಡ ಆಸ್ತಿಯೇ, ಬೇರೆಯವರ ಪರವಾಗಿ ಅದನ್ನು ಇಟ್ಟುಕೊಳ್ಳಬಹುದು ಎಂದು ಹೇಳಿತು. ಗ್ರಾಹಕರಿಗೆ ಇದು ದೊಡ್ಡ ಬಲ. ಆದರೆ ಅದಕ್ಕೂ ಕೋರ್ಟ್ ಮೆಟ್ಟಿಲು ಹತ್ತಲೇಬೇಕು.

ಇನ್ನೂ ಮುಗಿಯದ ಭಾಗ

ಪಿ2ಪಿಯಲ್ಲಿ ಯುಎಸ್‌ಡಿಟಿ ಕೊಂಡಾಗ 1% ಟಿಡಿಎಸ್ ಕಡಿಯಬೇಕಿದ್ದದ್ದು ಹಣ ಕೊಟ್ಟವನು, ಅಂದರೆ ಈ ಹುಡುಗ. ಸಂಬಳದವರಿಗೆ ವರ್ಷಕ್ಕೆ 50,000 ರೂಪಾಯಿವರೆಗೆ ವಿನಾಯಿತಿ ಇದೆ. ಇವನದ್ದು 6,00,000. ಕಡಿದು, ಫಾರ್ಮ್ 26ಕ್ಯೂಇ ತುಂಬಿ, ಮಾರಿದವರ ಪ್ಯಾನ್ ಹಾಕಿ ಕಟ್ಟಬೇಕಿತ್ತು. ಮೊತ್ತ 6,000 ರೂಪಾಯಿ ಅಷ್ಟೇ. ಆದರೆ ಮಾರಿದವರು ಪ್ಯಾನ್ ಕೊಡದಿದ್ದರೆ ದರ 20%. ಆಗ ಅದೇ ಬಾಬತ್ತು 1,20,000ಕ್ಕೆ ಏರುತ್ತದೆ. ಕಡಿಯದೆ ಬಿಟ್ಟದ್ದಕ್ಕೆ ಬಡ್ಡಿ, ದಂಡ ಬೇರೆ.

ಆ್ಯಪ್‌ನಲ್ಲಿ ಹತ್ತು ನಿಮಿಷ ಕಂಡು ಹೋದವರ ಪ್ಯಾನ್ ಎಲ್ಲಿಂದ ತರುವುದು? ಎಕ್ಸ್‌ಚೇಂಜ್‌ಗೆ ಬರೆದೆವು, ಗ್ರಾಹಕರ ವಿವರ ಕೊಡಲಾಗದು ಎಂದರು. ಹಳೆಯ ಚಾಟ್‌ಗಳಲ್ಲಿ ಸಿಕ್ಕ ಫೋನ್ ನಂಬರ್‌ಗಳಿಗೆ ಹುಡುಗನೇ ಕರೆ ಮಾಡಿದ. ಸಾಗರದ ಕಡೆಯ ಒಬ್ಬರು ಒಪ್ಪಿ ಪ್ಯಾನ್ ಕೊಟ್ಟರು, ಅವರದ್ದಷ್ಟನ್ನು ಬಡ್ಡಿ ಸಮೇತ ಕಟ್ಟಿ ಮುಗಿಸಿದೆವು. ಉಳಿದವರು ಫೋನ್ ಇಟ್ಟರು, ಇಲ್ಲವೇ ನಂಬರ್ ಚಾಲ್ತಿಯಲ್ಲಿ ಇರಲಿಲ್ಲ.

ಎಕ್ಸ್‌ಚೇಂಜ್‌ಗೆ ಬರೆದ ಪತ್ರ, ಬಂದ ಉತ್ತರ, ಕರೆ ಮಾಡಿದ ದಿನಾಂಕಗಳು ಎಲ್ಲವನ್ನೂ ಒಂದು ಫೈಲ್‌ನಲ್ಲಿ ಇಟ್ಟಿದ್ದೇವೆ. ಆದಾಯ ತೆರಿಗೆ ಇಲಾಖೆ 2025ರಿಂದ ಕ್ರಿಪ್ಟೊ ತೋರಿಸದವರಿಗೆ ಇ-ಮೇಲ್ ಕಳಿಸಿ ಎಚ್ಚರಿಸುತ್ತಿದೆ. ಹೊರದೇಶದ ಎಕ್ಸ್‌ಚೇಂಜ್‌ಗಳ ಮಾಹಿತಿ ದೇಶದಿಂದ ದೇಶಕ್ಕೆ ಹೋಗುವ ವ್ಯವಸ್ಥೆಗೆ ಭಾರತವೂ ಒಪ್ಪಿದೆ, 2027ರಿಂದ ಅದು ಶುರು. ಈ ಹುಡುಗನಿಗೆ ಟಿಡಿಎಸ್ ನೋಟಿಸ್ ಇನ್ನೂ ಬಂದಿಲ್ಲ. ಬಂದರೆ ಆ ಫೈಲ್ ಹಿಡಿದುಕೊಂಡು ಹೋಗಿ, ಅವನು ಯತ್ನಿಸಿದ್ದು ಇಷ್ಟು, ಸಿಕ್ಕಿದ್ದು ಇಷ್ಟು ಅಂತ ಹೇಳುವುದು ಅಂತ ಇಟ್ಟುಕೊಂಡಿದ್ದೇವೆ. ಅಪ್ಪಯ್ಯನ ಅಡಿಕೆ ದುಡ್ಡು ಈಗ ಅವರೊಬ್ಬರ ಹೆಸರಿನ ಬೇರೆ ಖಾತೆಗೆ ಹೋಗುತ್ತಿದೆ.